ಬಿಚ್ಚಿಡುವ ಬೈಕು: ಎರಿ ಸೀಮೆಯ ಒಂದು ಚರಿತ್ರೆ

ಅಣ್ಣಿಗೇರಿ–ನವಲಗುಂದ ಸೀಮೆಯ ಶಲವಡಿಯಂಥ ಊರಲ್ಲಿ ಮೋಟರ್‌ಸೈಕಲ್ಲಿಗೆ ಗುಡ್ಡದ ಭಯವಿಲ್ಲ, ಕಲ್ಲಿನ ಭಯವಿಲ್ಲ. ಇರುವುದೊಂದೇ, ಎರಿ ಎಂಬ ಕಪ್ಪು ಮಣ್ಣಿನ ಭಯ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುವ ಈ ನೆಲ ಮುಂಗಾರಿನ ಎರಡು ಮಳೆ ಬಿದ್ದೊಡನೆ ಉಬ್ಬಿ ರಾಡಿಯಾಗುತ್ತದೆ. ನೀರು ಕುಡಿದು ಹಿಗ್ಗುವ ಜೇಡಿ ಇದರಲ್ಲಿ ಹೆಚ್ಚು. ಮುಂಗಾರಿ ಹೆಸರು ಕೊಯ್ಲಿಗೆ ಬರುವುದೂ ಮಳೆಯಲ್ಲೇ, ಹಿಂಗಾರಿ ಕಡಲಿ ಬಿತ್ತುವುದೂ ಹಸಿ ಆರುವ ಮುಂಚೆಯೇ. ಆದ್ದರಿಂದ ಹೊಲಕ್ಕೆ ಹೋಗದೆ ವಿಧಿಯಿಲ್ಲ. ಗರಸು ಹಾಕಿದ ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದ ಬೈಕು ತುಸು ದೂರ ಹೋಗುವಷ್ಟರಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ತುಂಬಿಬಿಡುತ್ತದೆ. ಮುಂದಿನ ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಎಂಜಿನ್ ಎಷ್ಟು ಒದರಿದರೂ ಗಾಡಿ ಕದಲದು.

ಬೈಕಿನಿಂದ ಏನನ್ನಾದರೂ ಬಿಚ್ಚುವ ವಿದ್ಯೆ ಹುಟ್ಟಿದ್ದು ಇಂಥ ನೆಲದಲ್ಲಿ, ಇಂಥ ಅಗತ್ಯಕ್ಕೆ. ಇಂದು ರಸ್ತೆಗೂ ಕಚ್ಚಾ ದಾರಿಗೂ ಒಗ್ಗುವ ಹೊಸ ಡ್ಯುಯಲ್-ಸ್ಪೋರ್ಟ್ ಬೈಕು ಕೊಂಡ ಕೆಲವರು ಶೋರೂಮಿನ ಹೂವಿನ ಹಾರ ಬಾಡುವ ಮುಂಚೆಯೇ ಸೈಲೆನ್ಸರ್, ಕ್ಯಾಟ್‌ಕಾನ್ (ಕ್ಯಾಟಲಿಟಿಕ್ ಕನ್ವರ್ಟರ್), ಇದ್ದಿಲಿನ ಡಬ್ಬಿಗಳನ್ನು ಕಳಚಿ ಹಾಕುವುದೂ ಅದೇ ವಿದ್ಯೆಯ ಮುಂದುವರಿಕೆಯಂತೆ ಕಾಣುತ್ತದೆ. ಆದರೆ ನಡುವೆ ಅರವತ್ತು ವರ್ಷಗಳಲ್ಲಿ ಗಾಡಿ ಬದಲಾಗಿದೆ, ಹೊಗೆ ಬದಲಾಗಿದೆ. ಸ್ಪ್ಯಾನರ್ ಹಿಡಿದ ಕೈ ಮಾತ್ರ ಹಳೆಯ ಜಾಗಕ್ಕೇ ಹೋಗುತ್ತಿದೆ.

ಕರ್ನಾಟಕದಲ್ಲಿ ಈ ಕಥೆ ಶುರುವಾಗುವುದು ಮೈಸೂರಿನಿಂದ. ಮುಂಬೈಯ ಇರಾನಿ ಮನೆತನದವರು ಜಯಚಾಮರಾಜ ಒಡೆಯರ್ ಅವರ ಬೆಂಬಲದೊಂದಿಗೆ ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಮೂಲ ವಿನ್ಯಾಸ ಜೆಕೊಸ್ಲೊವಾಕಿಯದ್ದು. ಕಾಡು, ಕೆಸರು, ಹಳ್ಳಗಳಲ್ಲಿ ಆರು ದಿನ ಓಡಿಸುವ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್ ಎಂಬ ಕಠಿಣ ಸ್ಪರ್ಧೆಯನ್ನು 1950ರ ದಶಕದಲ್ಲಿ ಆ ದೇಶದ ತಂಡ ಹಲವು ಬಾರಿ ಗೆದ್ದಿತ್ತು, ಜಾವಾ ಬೈಕುಗಳ ಮೇಲೆ ಕುಳಿತು. 1970ರ ದಶಕದ ಮೊದಲಲ್ಲಿ ಮೈಸೂರಿನ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಕಿಕ್ ಹೊಡೆಯಲೂ ಗೇರ್ ಹಾಕಲೂ ಒಂದೇ ಲಿವರ್. ಉತ್ತರ ಕರ್ನಾಟಕದ ಹಳ್ಳಿಗರು ಪ್ರೀತಿಯಿಂದ ಫಟಫಟಿ ಎಂದು ಕರೆದ ಗಾಡಿಗಳಲ್ಲಿ ಇದೂ ಒಂದು.

ಆಗ ಈ ಸೀಮೆಯಲ್ಲಿ ದುಡ್ಡೂ ಓಡಾಡುತ್ತಿತ್ತು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಿಡುಗಡೆಯಾಯಿತು. ನವಿಲುತೀರ್ಥದ ಅಣೆಕಟ್ಟು ಮುಗಿದು ಮಲಪ್ರಭೆಯ ಕಾಲುವೆ ನೀರು ನವಲಗುಂದ, ನರಗುಂದದ ಕಡೆ ಹರಿಯತೊಡಗಿದ್ದೂ ಆ ದಶಕದಲ್ಲೇ. ಹುಬ್ಬಳ್ಳಿಯ ಅಡತಿಯಲ್ಲಿ ಹತ್ತಿ ತೂಗಿ ಬಂದ ರೊಕ್ಕದಲ್ಲಿ ಚಕ್ಕಡಿಯ ಪಕ್ಕಕ್ಕೆ ಫಟಫಟಿ ನಿಲ್ಲಿಸಿದ ಮನೆಗಳು ಇಲ್ಲಿದ್ದವು. ಆ ಸುಖ ಬಹಳ ದಿನ ಉಳಿಯಲಿಲ್ಲ. ಹತ್ತಿಯ ಬೆಲೆ ಕುಸಿದು, ನೀರಾವರಿ ಕರದ ಹೊರೆ ಏರಿ, 1980ರ ಜುಲೈ 21ರಂದು ನವಲಗುಂದದ ರೈತ ಬಂಡಾಯ ಗೋಲಿಬಾರಿಗೆ ಈಡಾಯಿತು. ಕೊಂಡ ಗಾಡಿಯನ್ನು ಮಾರಲಾಗದು, ಹೊಸದನ್ನು ಕೊಳ್ಳಲಾಗದು. ಇರುವುದನ್ನೇ ರಿಪೇರಿ ಮಾಡಿ ಓಡಿಸುವ ಕಾಲ ಅದು. ಪಟ್ಟಣದ ಮಿಸ್ತ್ರಿಗಳ ಕೈ ಪಳಗಿದ್ದು ಇಂಥ ಕಾಲದಲ್ಲೇ.

ಆ ಗಾಡಿಗಳು ಎರಡು-ಸ್ಟ್ರೋಕ್. ಪೆಟ್ರೋಲಿಗೆ ಲೀಟರಿಗೆ ಮೂವತ್ತು ನಲವತ್ತು ಮಿಲಿ ಆಯಿಲ್ ಬೆರೆಸಿ ಸುಡಬೇಕು. ಈ ಬಗೆಯ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್-ಗಾಳಿಯ ಮಿಶ್ರಣವೇ ಸುಟ್ಟ ಹೊಗೆಯನ್ನು ಹೊರತಳ್ಳುತ್ತದೆ. ತಳ್ಳುವ ಭರದಲ್ಲಿ ತಾನೂ ಒಂದಷ್ಟು ಹೊರಬೀಳುತ್ತದೆ. ಕೆಲವೊಮ್ಮೆ ಹಾಕಿದ ಪೆಟ್ರೋಲಿನ ಮೂರನೇ ಒಂದು ಪಾಲು ಸುಡದೆಯೇ ಸೈಲೆನ್ಸರಿನಿಂದ ಹೋಗುತ್ತದೆ. ಉಳಿದ ಆಯಿಲ್ ಕಪ್ಪು ಅಂಟಾಗಿ ಸೈಲೆನ್ಸರಿನ ಒಳಗಿನ ಬ್ಯಾಫಲ್‌ನ ತೂತುಗಳನ್ನು ಮುಚ್ಚುತ್ತದೆ. ಅದು ಮುಚ್ಚಿದರೆ ಗಾಡಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಮಿಸ್ತ್ರಿ ಬ್ಯಾಫಲ್ ಎಳೆದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಮತ್ತೆ ಕೂಡಿಸುತ್ತಿದ್ದ. ಕಂಪನಿಯ ಕೈಪಿಡಿಯೇ ಒಪ್ಪಿದ ಕೆಲಸ ಇದು. ಒಮ್ಮೆ ಎಳೆದದ್ದನ್ನು ಮರಳಿ ಕೂಡಿಸದವರೂ ಇದ್ದರು. ಸದ್ದು ಹೆಚ್ಚಾಗುತ್ತಿತ್ತು, ಗಾಡಿ ಹಗುರವಾಗಿ ಓಡಿದಂತೆ ಅನಿಸುತ್ತಿತ್ತು. ಸೈಲೆನ್ಸರಿನೊಳಗೆ ಇರುವುದೆಲ್ಲ ಬರಿ ಅಡ್ಡಿ ಎಂಬ ನಂಬಿಕೆಗೆ ಬುನಾದಿ ಬಿದ್ದದ್ದು ಹೀಗೆ. ಆ ಕಾಲದ ಮಟ್ಟಿಗೆ ಅದು ಪೂರ್ತಿ ಸುಳ್ಳೂ ಅಲ್ಲ.

ಇನ್ನು ರಾಡಿಯ ಮಾತು. ಜಾವಾಕ್ಕೆ ಇದ್ದದ್ದು 16 ಇಂಚಿನ ಚಿಕ್ಕ ಗಾಲಿ, ಅದನ್ನು ಆಳವಾಗಿ ಅಪ್ಪಿಕೊಂಡ ಮಡ್‌ಗಾರ್ಡ್. ಎರಿಯಲ್ಲಿ ಇದು ನೇರ ಶಿಕ್ಷೆ. ಆದರೆ ಅದೇ ಗಾಡಿಯ ಚೈನು ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ಓಡುತ್ತಿತ್ತು. ಮಣ್ಣು ನುಗ್ಗದ, ಗ್ರೀಸು ಆರದ ಈ ವ್ಯವಸ್ಥೆಯನ್ನು ಇಂದಿನ ಸಾವಿರಾರು ಡಾಲರಿನ ಆಫ್‌ರೋಡ್ ಬೈಕುಗಳೂ ಕೊಡುವುದಿಲ್ಲ. ಮಳೆಗಾಲಕ್ಕೆ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಚೈನಿನ ಡಬ್ಬಿ ಉಳಿಸಿಕೊಂಡವನು ನೆಲ ಬಲ್ಲವನು. ಯಾವುದು ಅಡ್ಡಿ, ಯಾವುದು ಆಸರೆ ಎಂದು ವಿಂಗಡಿಸುವ ಈ ಬುದ್ಧಿ ಮುಂದೆ ಎಲ್ಲೋ ಕೈತಪ್ಪಿತು.

1991ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಪೆಟ್ರೋಲ್ ಗಾಡಿಗಳ ಹೊಗೆಗೆ ಮಿತಿ ಬಂತು. ದ್ವಿಚಕ್ರ ವಾಹನ ಒಂದು ಕಿಲೋಮೀಟರಿಗೆ 12ರಿಂದ 30 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಉಗುಳಬಹುದು ಎಂಬ ಉದಾರ ಮಿತಿ ಅದು. 1996ರಲ್ಲಿ ಅದು 4.5 ಗ್ರಾಂಗೆ ಇಳಿಯಿತು, 2000ದಲ್ಲಿ 2 ಗ್ರಾಂಗೆ. ಎರಡು-ಸ್ಟ್ರೋಕ್ ಯಮಹಾ ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದು 1996ರಲ್ಲಿ, ಮೈಸೂರಿನ ಯೆಜ್ಡಿ ಕಾರ್ಖಾನೆ ಬಾಗಿಲು ಹಾಕಿದ್ದೂ 1996ರಲ್ಲಿ. ಯೆಜ್ಡಿಯ ಸಾವಿಗೆ ಹೊಗೆಯೊಂದೇ ಕಾರಣವಲ್ಲ. ಲೀಟರಿಗೆ ಎಂಬತ್ತು ಕಿಲೋಮೀಟರಿನ ಲೆಕ್ಕ ಹೇಳುತ್ತ ಬಂದ ನಾಲ್ಕು-ಸ್ಟ್ರೋಕ್ ಹೀರೊ ಹೋಂಡಾಗಳ ಎದುರು ಅದು ಮೊದಲೇ ಸೊರಗಿತ್ತು.

2000ದ ಫೆಬ್ರವರಿಯಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೊರಹೋಯಿತು. ಕ್ಯಾಟಲಿಟಿಕ್ ಕನ್ವರ್ಟರ್ ಬಾಳಬೇಕಾದರೆ ಸೀಸ ಇರಕೂಡದು. ಜೇನುಗೂಡಿನಂಥ ಸಣ್ಣ ಕಂಡಿಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಈ ಸಾಧನ ಇನ್ನೂರೈವತ್ತು ಮುನ್ನೂರು ಡಿಗ್ರಿಗೆ ಕಾದ ಮೇಲೆ ವಿಷಾನಿಲಗಳನ್ನು ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕಗಳಾಗಿ ಮಾರ್ಪಡಿಸುತ್ತದೆ. ಉಳಿದಿದ್ದ ಎರಡು-ಸ್ಟ್ರೋಕ್ ಗಾಡಿಗಳ ಸೈಲೆನ್ಸರಿಗೂ ಅದನ್ನು ತುರುಕಿದರು. ಆಯಿಲಿನ ಮಸಿ ಅದನ್ನೂ ಬಿಡಲಿಲ್ಲ. ಕಂಡಿ ಕಟ್ಟಿದ ಕ್ಯಾಟ್‌ಕಾನನ್ನು ಮಿಸ್ತ್ರಿಗಳು ಹಳೆಯ ಬ್ಯಾಫಲ್‌ನ ತಮ್ಮನೆಂದೇ ತಿಳಿದು ಕಿತ್ತರು. ಎರಡು-ಸ್ಟ್ರೋಕ್ ಸತ್ತ ಮೇಲೂ ಆ ತಿಳಿವಳಿಕೆ ಸಾಯಲಿಲ್ಲ. ಮಸಿಯೇ ಕಟ್ಟದ, ಅಚ್ಚುಕಟ್ಟಾಗಿ ಉರಿಯುವ ನಾಲ್ಕು-ಸ್ಟ್ರೋಕ್ ಗಾಡಿಗೂ ಅದೇ ಔಷಧ ನಡೆಯಿತು.

ಕಾನೂನು ಮುಂದೆ ಓಡುತ್ತಲೇ ಇತ್ತು. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು, ಏಪ್ರಿಲ್ ಒಂದರಿಂದ ಭಾರತ್ ಸ್ಟೇಜ್ ಹೊಗೆ ಮಿತಿಗಳ ಮೂರನೇ ಹಂತದ (ಬಿಎಸ್-3) ಗಾಡಿ ಮಾರುವಂತಿಲ್ಲ ಎಂದಿತು. ಆಗ ದೇಶದ ಗೋದಾಮುಗಳಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಬಿಎಸ್-3 ದ್ವಿಚಕ್ರ ವಾಹನಗಳಿದ್ದವು. ಎರಡು ದಿನ ಶೋರೂಮುಗಳ ಮುಂದೆ ಜಾತ್ರೆಯೇ ನೆರೆಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಕಾರ್ಬನ್ ಮಾನಾಕ್ಸೈಡ್ ಮಿತಿ ಕಿಲೋಮೀಟರಿಗೆ ಒಂದೇ ಗ್ರಾಂ, ನೈಟ್ರೋಜನ್ ಆಕ್ಸೈಡುಗಳ ಮಿತಿ 0.06 ಗ್ರಾಂ. ಬಹುತೇಕ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು.

ಡ್ಯುಯಲ್-ಸ್ಪೋರ್ಟ್ ಬೈಕು ಭಾರತಕ್ಕೆ ಕಾಲಿಟ್ಟದ್ದು ಈ ಗದ್ದಲದ ನಡುವೆಯೇ. ಅಮೆರಿಕದಲ್ಲಿ ಯಮಹಾ ಡಿಟಿ-1 ಇಂಥ ಬೈಕುಗಳ ಗೀಳು ಹತ್ತಿಸಿದ್ದು 1968ರಲ್ಲಿ. ಅಲ್ಲಿ 1978ರ ಮಾಡೆಲಿನಿಂದ ಮೋಟರ್‌ಸೈಕಲ್ಲಿಗೂ ಹೊಗೆಯ ನಿಯಮ ಬಂದಾಗ ಎರಡು-ಸ್ಟ್ರೋಕ್‌ಗಳು ರಸ್ತೆಯಿಂದ ಹಿಂದೆ ಸರಿದವು. ನಮ್ಮಲ್ಲಿ ಹೀರೊ ಇಂಪಲ್ಸ್ ಬಂದದ್ದು 2011ರಲ್ಲಿ, 150 ಸಿಸಿಯದು. ಜನ ಹೊರಳಿ ನೋಡಲಿಲ್ಲ. ಆಫ್‌ರೋಡ್ ರೇಸಿನಲ್ಲಿ ಮಾತ್ರ ನಮ್ಮವರ ಹೆಸರು ಕೇಳತೊಡಗಿತು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಾಕರ್ ರ್‍ಯಾಲಿಯನ್ನು ಮುಗಿಸಿದ ಮೊದಲ ಭಾರತೀಯರಾದರು. 2019ರಲ್ಲಿ ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ಈ ನಡುವೆ 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರ ಮೇ ತಿಂಗಳಲ್ಲಿ ಲಕ್ಷ ರೂಪಾಯಿ ಆಸುಪಾಸಿನ ಹೀರೊ ಎಕ್ಸ್‌ಪಲ್ಸ್ 200 ಬಂದವು. ರೈತನ ಮಗನ ಕೈಗೆಟುಕಿದ್ದು ಈ ಕೊನೆಯದು. ಮುಂದೆ 21 ಇಂಚಿನ ಗಾಲಿ, ನೆಲದಿಂದ 220 ಮಿಲಿಮೀಟರ್ ಎತ್ತರ.

ಇದೇ ಎಕ್ಸ್‌ಪಲ್ಸ್‌ನ ಕಂಪನಿ ಲೆಕ್ಕಗಳನ್ನು ಸಾಲಾಗಿ ಇಟ್ಟು ನೋಡಬೇಕು. ಬಿಎಸ್-4 ಗಾಡಿಯ ಶಕ್ತಿ 18.4 ಪಿಎಸ್. ಬಿಎಸ್-6 ಆದಾಗ 18.1. 2021ರಲ್ಲಿ ನಾಲ್ಕು ವಾಲ್ವಿನ ಎಂಜಿನ್ ಬಂದಾಗ, ಅದೇ ಬಿಎಸ್-6 ನಿಯಮದ ಕೆಳಗೆ, 19.1. ಹೊಗೆಯ ನಿಯಮ ಕಸಿದುಕೊಂಡಿತು ಎಂದು ಸವಾರರು ಗೊಣಗಿದ ಶಕ್ತಿ 0.3 ಪಿಎಸ್. ಅದನ್ನು ಮರಳಿ ಗಳಿಸಿದ್ದು ಏನನ್ನೂ ಕೀಳದೆ, ಎರಡು ವಾಲ್ವು ಸೇರಿಸಿ.

ಕೀಳುವವರ ಪಟ್ಟಿಯಲ್ಲಿ ಎಲ್ಲವೂ ಒಂದೇ ತೂಕದವಲ್ಲ ಎಂಬುದನ್ನು ಒಪ್ಪಬೇಕು. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಟ್ಟು ಎಂಜಿನ್ನಿಗೆ ಕೊಡುವ ಇದ್ದಿಲಿನ ಡಬ್ಬಿ ಬಿಎಸ್-4ರೊಂದಿಗೆ ಬಂದದ್ದು. ರಾಡಿಯಲ್ಲಿ ಮೇಲಿಂದ ಮೇಲೆ ಬೀಳುವ ಗಾಡಿಯಲ್ಲಿ ಅದರೊಳಗೆ ಪೆಟ್ರೋಲೇ ನುಗ್ಗಿ ಸ್ಟಾರ್ಟ್ ಆಗಲು ಸತಾಯಿಸುವುದುಂಟು. ದೂರು ನಿಜ, ಆದರೆ ಬಿದ್ದ ಗಾಡಿಯನ್ನು ಬೇಗ ಎತ್ತಿ ನಿಲ್ಲಿಸಿದರೆ ಅರ್ಧ ಪರಿಹಾರ ಸಿಕ್ಕೀತು. ಸಿಲಿಂಡರಿನ ಹೊರಬಾಯಿಗೆ ತಾಜಾ ಗಾಳಿ ಕೊಟ್ಟು ಉಳಿದ ಪೆಟ್ರೋಲನ್ನು ಸುಡುವ ವಾಲ್ವಿನದು ಇನ್ನೊಂದು ಕಥೆ. ದೊಡ್ಡ ಸದ್ದಿನ ಸೈಲೆನ್ಸರ್ ಹಾಕಿದ ಮೇಲೆ ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿತ ಶುರುವಾಗುತ್ತದೆ. ತಪ್ಪು ಸೈಲೆನ್ಸರಿನದು, ದಂಡ ವಾಲ್ವಿಗೆ. ಕ್ಯಾಟ್‌ಕಾನ್ ಕಿತ್ತು, ಗಾಳಿಯ ಫಿಲ್ಟರ್ ಬದಲಿಸಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ಅದನ್ನು ಸರಿಮಾಡಲು ಎಂಜಿನ್ನಿನ ಕಂಪ್ಯೂಟರಿನ (ಇಸಿಯು) ರಿಮ್ಯಾಪ್ ಬೇಕು. ಬೆಂಗಳೂರಿನ ರೇಸ್ ಡೈನಮಿಕ್ಸ್ ಇದಕ್ಕೆಂದೇ ಪವರ್‌ಟ್ರಾನಿಕ್ ಎಂಬ ಪೆಟ್ಟಿಗೆ ತಯಾರಿಸಿ ಹೆಸರು ಮಾಡಿತು. ಮುಚ್ಚಿದ ರೇಸ್ ಟ್ರ್ಯಾಕಿನಲ್ಲಿ ಇದಕ್ಕೆಲ್ಲ ಅರ್ಥವಿದೆ. ಹೊಲದ ದಾರಿಯಲ್ಲಿ ಮೂರನೇ ಗೇರು ದಾಟದವನಿಗೆ ಇದರಿಂದ ಸಿಗುವುದು ಮುಖ್ಯವಾಗಿ ಸದ್ದು.

ಕಾನೂನಿನಲ್ಲಿ ಸಂದಿಗ್ಧ ಉಳಿದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂನಂತೆ ತಯಾರಕನು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಂಥ ಪ್ರತಿ ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ ಎಂದು ಸೇರಿತು. ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹಾಯಿಸುವ ದೃಶ್ಯ ರಾಜ್ಯದ ಹಲವು ನಗರಗಳಲ್ಲಿ ಕಂಡದ್ದೇ. ವಿಚಿತ್ರವೆಂದರೆ ಹಳೆಯ ಯೆಜ್ಡಿಗೆ ಹೊಗೆ ಪರೀಕ್ಷೆಯ ಭಯ ಅಷ್ಟಿಲ್ಲ. 2000ದ ಏಪ್ರಿಲ್‌ಗೆ ಮುಂಚಿನ ದ್ವಿಚಕ್ರ ವಾಹನಕ್ಕೆ ಎಮಿಷನ್ ಟೆಸ್ಟಿನಲ್ಲಿ ಶೇ 4.5 ಕಾರ್ಬನ್ ಮಾನಾಕ್ಸೈಡಿನವರೆಗೂ ಮಾಫಿ. ಕೀಳಲು ಕ್ಯಾಟ್‌ಕಾನೇ ಇಲ್ಲದ ಗಾಡಿಯೇ ಕಾನೂನಿಗೆ ಹೆಚ್ಚು ಹತ್ತಿರ!

ಎರಿ ಕೇಳುವುದು ಬೇರೆಯೇ. ಟೈರಿಗೂ ಮಡ್‌ಗಾರ್ಡಿಗೂ ಅಂತರ, ಗುಂಡಿ ನುಂಗುವ ಶಾಕ್ ಅಬ್ಸಾರ್ಬರ್, ಮಣ್ಣು ಕೊಡವಿಕೊಳ್ಳುವ ಗಡ್ಡೆಯ ಟೈರು, ನಿಧಾನಕ್ಕೆ ಎಳೆಯಲು ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ. 2022ರಲ್ಲಿ ಹೀರೊ ಕಂಪನಿಯೇ ಎಕ್ಸ್‌ಪಲ್ಸ್‌ನ ರ್‍ಯಾಲಿ ಆವೃತ್ತಿಯಲ್ಲಿ ಮುಂದಿನ ಸಸ್ಪೆನ್ಷನ್ನಿನ ಓಟವನ್ನು 190ರಿಂದ 250 ಮಿಲಿಮೀಟರಿಗೆ, ನೆಲದಿಂದ ಎತ್ತರವನ್ನು 270ಕ್ಕೆ ಏರಿಸಿತು. ಕ್ಯಾಟ್‌ಕಾನನ್ನು ಮುಟ್ಟಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. ಈ ಸಲ ಅದರಲ್ಲಿ ಅಡ್ವೆಂಚರ್ ಎಂಬ 334 ಸಿಸಿಯ ಗಾಡಿಯೂ ಇತ್ತು. ನೀರಿನಿಂದ ತಣಿಯುವ ನಾಲ್ಕು-ಸ್ಟ್ರೋಕ್ ಎಂಜಿನ್, ಮುಂದೆ 21 ಇಂಚಿನ ಗಾಲಿ. ತಯಾರಾಗುವುದು ಮಾತ್ರ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ.

2025ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಒಬಿಡಿ-2ಬಿ ಎಂಬ ಸ್ವಯಂ-ತಪಾಸಣೆಯ ವ್ಯವಸ್ಥೆ ಕಡ್ಡಾಯವಾಗಿದೆ. ಕ್ಯಾಟ್‌ಕಾನ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಗಾಡಿಯೇ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮೀಟರಿನಲ್ಲಿ ದೀಪ ಹತ್ತಿಸಬೇಕು. ಬಿಚ್ಚುವವರು ಇನ್ನು ಆ ದೀಪಕ್ಕೂ ಒಂದು ದಾರಿ ಹುಡುಕಬೇಕಾದೀತು.