ಬೀದರಿನ ಮದರಸೆ, ಸಲಮಾಂಕಾದ ವ್ಯಾಕರಣ

ಬೀದರ್ ನಗರದ ಚೌಬಾರದಿಂದ ಕೋಟೆಯ ಕಡೆಗೆ ನಡೆದರೆ ಮಹಮೂದ್ ಗವಾನನ ಮದರಸೆ ಎದುರಾಗುತ್ತದೆ. 1696ರ ಸಿಡಿಮದ್ದಿನ ಸ್ಫೋಟದಲ್ಲಿ ಅದರ ಮುಂಭಾಗದ ಬಹುಪಾಲು ಉರುಳಿತು. ಉಳಿದುಕೊಂಡ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಹೊಳೆಯುತ್ತವೆ. ಈ ವಿದ್ಯಾಲಯ ಪೂರ್ಣಗೊಂಡದ್ದು 1472ರಲ್ಲಿ. ಸರಿಯಾಗಿ ಇಪ್ಪತ್ತು ವರ್ಷಗಳ ನಂತರ, 1492ರಲ್ಲಿ, ಸ್ಪೇನಿನ ಸಲಮಾಂಕಾದಲ್ಲಿ ಆಂತೋನಿಯೊ ದೆ ನೆಬ್ರಿಹಾ ಎಂಬ ವಿದ್ವಾಂಸನು ಕಾಸ್ಟೀಲಿಯನ್ ಭಾಷೆಯ, ಅಂದರೆ ನಾವಿಂದು ಸ್ಪ್ಯಾನಿಷ್ ಎನ್ನುವ ಭಾಷೆಯ, ವ್ಯಾಕರಣವನ್ನು ಪ್ರಕಟಿಸಿದನು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಪರಭಾಷೆಯನ್ನು ಕಲಿಸುವುದೆಂದರೇನು ಎಂಬ ಪ್ರಶ್ನೆಯನ್ನು ಕೇಳುವವನಿಗೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆನಿಸುತ್ತದೆ.

ನೆಬ್ರಿಹಾನ ಗ್ರಂಥದಲ್ಲಿ ಐದು ಭಾಗಗಳಿವೆ. ಐದನೆಯದು ಅನ್ಯಭಾಷಿಕರಿಗಾಗಿಯೇ ಬರೆದದ್ದು. ಸ್ಪ್ಯಾನಿಷನ್ನು ಹೊರಗಿನವರಿಗೆ ಕಲಿಸುವ ವಿದ್ಯೆಯ ಮೊದಲ ಪುಟಗಳು ಇವೇ ಎನ್ನಬಹುದು. ಅದೇ ಗ್ರಂಥದ ಮುನ್ನುಡಿ ರಾಣಿ ಇಸಾಬೆಲ್ಲಳನ್ನು ಉದ್ದೇಶಿಸಿದ್ದು. ಭಾಷೆಯು ರಾಜ್ಯಾಧಿಕಾರದ ಜೊತೆಗೇ ಬೆಳೆಯುತ್ತದೆ, ಸೋತ ಜನರು ಗೆದ್ದವರ ಕಾನೂನಿನೊಂದಿಗೆ ಅವರ ಭಾಷೆಯನ್ನೂ ಕಲಿಯಬೇಕಾಗುತ್ತದೆ, ಆಗ ಈ ವ್ಯಾಕರಣ ನೆರವಾಗುತ್ತದೆ ಎಂಬುದು ಅಲ್ಲಿನ ವಾದ. ಒಂದೇ ಪುಸ್ತಕದಲ್ಲಿ ಆತಿಥ್ಯವೂ ಇದೆ, ಅಂಕುಶವೂ ಇದೆ.

ಬೀದರಿನಲ್ಲಿಯೂ ಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. ಇರಾನಿನ ಗಿಲಾನ್ ಪ್ರಾಂತ್ಯದಿಂದ 1453ರಲ್ಲಿ ವ್ಯಾಪಾರಿಯಾಗಿ ಬಂದ ಗವಾನನು ಬಹಮನಿ ರಾಜ್ಯದ ಪ್ರಧಾನಿಯಾದನು. ಅವನು ಕಟ್ಟಿಸಿದ ಮದರಸೆಯ ಭಾಷೆಗಳು ಅರಬ್ಬಿ ಮತ್ತು ಪಾರಸಿ. ಸುತ್ತಲಿನ ಹಳ್ಳಿಗಳದು ಕನ್ನಡ, ಮರಾಠಿ, ತೆಲುಗು. ಪಾರಸಿಯಲ್ಲಿ ಪತ್ರ ಬರೆಯುವ ಕಲೆಯನ್ನು ಬೋಧಿಸಲು ಅವನು 'ಮನಾಜಿರ್-ಉಲ್-ಇನ್ಶಾ' ಎಂಬ ಗ್ರಂಥವನ್ನೇ ರಚಿಸಿದನು. ಆಸ್ಥಾನದಲ್ಲಿ ಹೊರಗಿನಿಂದ ಬಂದ ಅಫಾಕಿಗಳಿಗೂ ಇಲ್ಲಿಯವರಾದ ದಖನಿಗಳಿಗೂ ತೀರದ ವೈಷಮ್ಯವಿತ್ತು. 1481ರಲ್ಲಿ ಅವನ ವೈರಿಗಳು ಒಂದು ಖಾಲಿ ಕಾಗದಕ್ಕೆ ಅವನ ಮುದ್ರೆ ಒತ್ತಿಸಿಕೊಂಡು, ಅವನು ಒರಿಸ್ಸಾದ ಅರಸನಿಗೆ ಬರೆದಂತೆ ದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನನು ಅವನ ಶಿರಚ್ಛೇದ ಮಾಡಿಸಿದನು. ಪತ್ರಲೇಖನದ ಆಚಾರ್ಯನನ್ನು ಬಲಿ ತೆಗೆದುಕೊಂಡದ್ದು ಒಂದು ಸುಳ್ಳು ಪತ್ರ! ಅದೇ ಶತಮಾನದಲ್ಲಿ ಇದೇ ಬೀದರಿನಲ್ಲಿ ನಿಜಾಮಿ ಎಂಬ ಕವಿಯು ಪಾರಸಿಯನ್ನು ಬಿಟ್ಟು ದಖನಿಯಲ್ಲಿ 'ಕದಮ್ ರಾವ್ ಪದಮ್ ರಾವ್' ಎಂಬ ಕಥನಕಾವ್ಯವನ್ನು ರಚಿಸಿದ್ದನೆಂಬುದನ್ನೂ ಇಲ್ಲಿ ನೆನೆಯಬೇಕು.

ಸ್ಪೇನಿನ ಕಥೆಗೆ ಮರಳೋಣ. ಅಮೆರಿಕ ಖಂಡಕ್ಕೆ ಹೋದ ಅಲ್ಲಿನ ಸನ್ಯಾಸಿಗಳು ನೆಬ್ರಿಹಾನ ಆಶಯವನ್ನು ತಲೆಕೆಳಗು ಮಾಡಿದರು. ಶುಭಸಂದೇಶ ಸಾರಬೇಕಾದರೆ ಜನರ ನುಡಿಯನ್ನು ತಾವೇ ಕಲಿಯಬೇಕೆಂದು ಅವರಲ್ಲಿ ಹಲವರು ಕಂಡುಕೊಂಡರು. ಫ್ರಾನ್ಸಿಸ್ಕನ್ ಸಭೆಯ ಆಂದ್ರೆಸ್ ದೆ ಓಲ್ಮೊಸ್ 1547ರಲ್ಲಿ ಮೆಕ್ಸಿಕೋದ ನಾವಾತ್ಲ್ ಭಾಷೆಗೆ ವ್ಯಾಕರಣ ಬರೆದರು. ದೊಮಿನಿಕನ್ ಸಭೆಯ ದೊಮಿಂಗೊ ದೆ ಸಾಂತೊ ತೊಮಾಸ್ ಬರೆದ ಕೆಚುವಾ ವ್ಯಾಕರಣವು 1560ರಲ್ಲಿ ಅಚ್ಚಾಯಿತು. ನಮ್ಮ ಸಂತ ಫ್ರಾನ್ಸಿಸ್ ಕ್ಸೇವಿಯರರೂ ಸ್ಪೇನಿನ ನವಾರ್ರೆಯವರು, ಅವರ ಮಾತೃಭಾಷೆ ಬಾಸ್ಕ್. ಮುತ್ತಿನ ಕರಾವಳಿಯಲ್ಲಿ ಅವರು ಸ್ಥಳೀಯರ ನೆರವಿನಿಂದ ಪ್ರಾರ್ಥನೆಗಳನ್ನು ತಮಿಳಿಗೆ ಮಾಡಿಸಿಕೊಂಡು ಬಾಯಿಪಾಠ ಮಾಡಿದರು. ಆದರೆ ರಾಜ್ಯಾಧಿಕಾರ ಸುಮ್ಮನಿರಲಿಲ್ಲ. 1770ರಲ್ಲಿ ದೊರೆ ಮೂರನೆಯ ಕಾರ್ಲೊಸ್, ಅಮೆರಿಕದ ದೇಶೀಯ ನುಡಿಗಳು ಅಳಿದು ಕಾಸ್ಟೀಲಿಯನ್ ಒಂದೇ ಉಳಿಯಬೇಕೆಂದು ಆಜ್ಞೆ ಹೊರಡಿಸಿದನು. ಧರ್ಮಸಭೆಯೂ ತನ್ನ ಆರಾಧನೆಯಲ್ಲಿ ಜನರ ಭಾಷೆಗೆ ವಿಶಾಲವಾಗಿ ಬಾಗಿಲು ತೆರೆದದ್ದು 1963ರಲ್ಲಿ, ದ್ವಿತೀಯ ವ್ಯಾಟಿಕನ್ ಮಹಾಸಭೆಯ ಕಾಲಕ್ಕೆ ಎಂಬುದನ್ನು ಮರೆಮಾಚಬೇಕಾಗಿಲ್ಲ.

ಇಂಥ ಆಜ್ಞೆಯ ನೆರಳು ನಮ್ಮ ಸೀಮೆಯ ಹಿರಿಯರಿಗೆ ಹೊಸದಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಆಡಳಿತ ಭಾಷೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಇಂಗ್ಲಿಷಿನ ಬದಲು ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿಸಿತು. ಅದು ಮೆಚ್ಚತಕ್ಕ ಸಾಧನೆಯೇ. ಆದರೆ ಭಾಲ್ಕಿಯ ಒಕ್ಕಲಿಗನ ಮಗುವಿಗೆ ಆ ಭಾರತೀಯ ಭಾಷೆಯೂ ಪರಭಾಷೆಯೇ ಆಗಿತ್ತು. ಆ ದಿನಗಳಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅವರ ಹುಟ್ಟೂರು ಬಹುಕಾಲ ಔರಾದ್ ತಾಲ್ಲೂಕಿಗೆ ಸೇರಿದ್ದ ಕಮಲನಗರ. ನೂರು ವರ್ಷ ದಾಟಿ ಬಾಳಿದ ಅವರು 1999ರಲ್ಲಿ ಲಿಂಗೈಕ್ಯರಾದರು. ಅವರ ಹೋರಾಟ ಉರ್ದುವಿನ ಮೇಲಿನ ದ್ವೇಷವಲ್ಲವೆಂದೇ ನಾನು ತಿಳಿಯುತ್ತೇನೆ. ಬೀದರಿನಲ್ಲಿ ಉರ್ದುವೂ ಎಷ್ಟೋ ತಾಯಂದಿರ ಜೋಗುಳದ ನುಡಿ.

ಇಂದು ನಮ್ಮ ಯುವಜನರು ಪರಭಾಷೆಯನ್ನು ಅರಸಿಕೊಂಡು ಹೋಗುತ್ತಾರೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಕಲಿಯುವ ಅವಕಾಶವಿದೆ. ಕಲಿಯಲಿ. ನನ್ನ ಆಕ್ಷೇಪಣೆ ಇಷ್ಟೇ: ನಮ್ಮಲ್ಲಿ ಪರಭಾಷೆಯನ್ನು ಕಲಿಸುವುದು ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕ. ಗುರುಮಠದಲ್ಲಿ ನಾವು ಲತೀನನ್ನು ಕಲಿತದ್ದೂ ಹಾಗೆಯೇ, ಕಾಶಿಗೆ ರಾಮೇಶ್ವರದ ಮೇಲೆ ಹೋದಂತೆ. ಸ್ಪ್ಯಾನಿಷಿನಲ್ಲಿ ಕಾಫಿ ಇಷ್ಟವೆನ್ನಲು 'ಮೆ ಗುಸ್ತಾ ಎಲ್ ಕಾಫೆ' ಎನ್ನುತ್ತಾರೆ. ಇಂಗ್ಲಿಷಿನಿಂದ ಹೊರಟವನು ಈ ರಚನೆಯ ಮುಂದೆ ತಡವರಿಸುತ್ತಾನೆ. ಕನ್ನಡದವನಿಗೆ ಅದು ಮನೆಯ ಮಾತು: 'ನನಗೆ ಕಾಫಿ ಇಷ್ಟ'. 'ನಾನು' ಎನ್ನದೆ 'ಬಂದೆ' ಎಂದಷ್ಟೇ ಹೇಳಿದರೂ ಬಂದವನು ಯಾರೆಂದು ತಿಳಿಯುವುದು ನಮ್ಮಲ್ಲಿರುವಂತೆ ಅಲ್ಲಿಯೂ ಉಂಟು. 'ಇರು' ಎಂಬುದಕ್ಕೆ ಅಲ್ಲಿ 'ಸೆರ್', 'ಎಸ್ತಾರ್' ಎಂದು ಎರಡು ಕ್ರಿಯಾಪದಗಳಿವೆ. ಪೂರ್ತಿ ಹೊಂದದಿದ್ದರೂ, 'ಅಲ್ಲ' ಮತ್ತು 'ಇಲ್ಲ'ಗಳ ವ್ಯತ್ಯಾಸ ಬಲ್ಲವನು ಅದರ ಹೊಸ್ತಿಲಿಗಾದರೂ ಬಂದು ನಿಲ್ಲುತ್ತಾನೆ.

ಒಂದು ತೊಡಕು ಮಾತ್ರ ಕನ್ನಡಿಗನಿಗೆ ನಿಜವಾದದ್ದು. ಮೇಜು ಅಲ್ಲಿ ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಜೀವವಿಲ್ಲದ ವಸ್ತುವಿಗೆ ಈ ಭೇದವೇಕೆಂದು ಕನ್ನಡ ಮಾತ್ರ ಬಲ್ಲವನು ಬೆರಗಾಗುತ್ತಾನೆ. ಔರಾದಿನ ಮರಾಠಿ ಮನೆಯ ಹುಡುಗನು ಬೆರಗಾಗುವುದಿಲ್ಲ. ಅವನ ಭಾಷೆಯಲ್ಲಿ ಇಂಥ ಲಿಂಗಗಳು ಮೂರಿವೆ. ಆದರೆ ಅವನೇ ಕನ್ನಡ ಶಾಲೆಗೆ ಬಂದಾಗ ತಪ್ಪು ಮಾಡುತ್ತಾನೆ. ಗೋಡೆಯನ್ನು 'ಅವಳು' ಎಂದಾನು. ತರಗತಿ ನಗುತ್ತದೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಉದ್ಗೀರ್, ನಿಲಂಗಾ ಅತ್ತ ಹೋದವು, ಔರಾದ್, ಭಾಲ್ಕಿ ಇತ್ತ ಉಳಿದವು. ಆ ಗೆರೆ ಯಾವ ಮನೆಯ ಅಡುಗೆಕೋಣೆಯ ಮಾತನ್ನೂ ಬದಲಿಸಲಿಲ್ಲ. ಆ ಹುಡುಗನ ಮುಂದೆ ನಿಂತ ಶಿಕ್ಷಕನಿಗೆ, ನಮ್ಮ ಧರ್ಮೋಪದೇಶಕನಿಗೂ ಸಹ, ಮರಾಠಿಯ 'ಭಿಂತ್' ಸ್ತ್ರೀಲಿಂಗವೆಂಬ ಒಂದು ಸಣ್ಣ ಸಂಗತಿ ತಿಳಿದಿದ್ದರೆ ಸಾಕು. ಆತನು ನಗುವ ತರಗತಿಯನ್ನು ಸುಮ್ಮನಾಗಿಸಿ, ಹುಡುಗನು ಹಾಗೇಕೆ ಹೇಳಿದನೆಂಬುದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಬಲ್ಲನು.