ತನ್ನ ಗುಂಡಿಯನ್ನು ತಾನೇ ತಿರುಗಿಸಿಕೊಂಡ ಯಂತ್ರ

ನಿಮ್ಮ ಮನೆಯಲ್ಲಿ ಗುಂಡಿಗಳುಳ್ಳ ರೇಡಿಯೋ ಇನ್ನೂ ಇದ್ದರೆ, ದನಿ ಏರಿಸುವ ಗುಂಡಿಯನ್ನು ಒಮ್ಮೆ ಮುಟ್ಟಿ ನೋಡಿರಿ. ಬಲಕ್ಕೆ ತಿರುಗಿಸಿದರೆ ವಾರ್ತೆ ಓದುವವರ ಧ್ವನಿ ಬೀದಿಗೆ ಕೇಳುತ್ತದೆ. ಎಡಕ್ಕೆ ತಿರುಗಿಸಿದರೆ ಪಿಸುಮಾತಾಗುತ್ತದೆ. ಇಂಥವೇ ನೂರಾರು ಗುಂಡಿಗಳನ್ನು ಸಾಲುಸಾಲಾಗಿ ಜೋಡಿಸಿ, ಅವುಗಳನ್ನು ತಿರುಗಿಸಲು ಪುಟ್ಟ ಪುಟ್ಟ ವಿದ್ಯುತ್ ಮೋಟಾರುಗಳನ್ನು ಅಳವಡಿಸಿ, ಪಾಠ ಕಲಿಯಬಲ್ಲ ಯಂತ್ರವೊಂದನ್ನು ಅಮೆರಿಕದ ಬಫಲೋ ನಗರದ ಒಂದು ಪ್ರಯೋಗಶಾಲೆಯಲ್ಲಿ ಕಟ್ಟಿದರು. 1960ರಲ್ಲಿ ಅದನ್ನು ಜನರ ಮುಂದಿಟ್ಟರು. ಅದರ ಹಿಂದಿದ್ದ ತಲೆ ಫ್ರಾಂಕ್ ರೋಸೆನ್‌ಬ್ಲಾಟ್‌ನದು. ಇಂದು ನಾವು ಯಂತ್ರಕಲಿಕೆ ಎಂದು ಕರೆಯುವ ವಿದ್ಯೆಯ ಕಥೆಯನ್ನು ಹೇಳಹೊರಟವರು ಈತನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ರೋಸೆನ್‌ಬ್ಲಾಟ್ ಹುಟ್ಟಿದ್ದು 1928ನೆಯ ಜುಲೈ 11ರಂದು, ನ್ಯೂಯಾರ್ಕ್ ಪ್ರಾಂತದ ನ್ಯೂ ರೋಷೆಲ್ ಎಂಬ ಊರಿನಲ್ಲಿ. ಓದಿದ್ದು ಮೊದಲು ಬ್ರಾಂಕ್ಸ್ ವಿಜ್ಞಾನ ಪ್ರೌಢಶಾಲೆಯಲ್ಲಿ, ಅನಂತರ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. 1956ರಲ್ಲಿ ಡಾಕ್ಟರೇಟ್ ಪಡೆದನು. ಯಾವ ಶಾಸ್ತ್ರದಲ್ಲಿ ಎಂದು ಕೇಳುವಿರಾ? ಗಣಿತದಲ್ಲಲ್ಲ, ಎಂಜಿನಿಯರಿಂಗಿನಲ್ಲೂ ಅಲ್ಲ, ಮನಶ್ಶಾಸ್ತ್ರದಲ್ಲಿ. ಈ ಸಂಗತಿಯನ್ನು ಮರೆಯಬಾರದು. ಲೆಕ್ಕ ಮಾಡುವ ಯಂತ್ರಗಳು ಆಗಲೇ ಬಂದಿದ್ದವು. ಆದರೆ ಏನು ಮಾಡಬೇಕೆಂಬುದನ್ನು ಅಕ್ಷರ ಅಕ್ಷರವಾಗಿ ಬರೆದುಕೊಟ್ಟರಷ್ಟೇ ಅವು ಮಾಡುತ್ತಿದ್ದವು. ತೊಟ್ಟಿಲಿನ ಮಗುವಿಗೆ ಯಾರೂ ಹಾಗೆ ಬರೆದುಕೊಡುವುದಿಲ್ಲ. ಆದರೂ ಅದು ತಾಯಿಯ ಮುಖವನ್ನು ಗುರುತಿಸುತ್ತದೆ. ಮಿದುಳು ಇದನ್ನು ಹೇಗೆ ಸಾಧಿಸುತ್ತದೆ ಎಂಬುದೇ ರೋಸೆನ್‌ಬ್ಲಾಟ್‌ನ ಪ್ರಶ್ನೆಯಾಗಿತ್ತು. ಯಂತ್ರವು ಆ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಸಾಧನ ಮಾತ್ರ.

1957ರಲ್ಲಿ ತನ್ನ ಯೋಜನೆಯನ್ನು ಬರೆದು ಅದಕ್ಕೆ ಪರ್ಸೆಪ್ಟ್ರಾನ್ ಎಂದು ಹೆಸರಿಟ್ಟನು. ಅದರ ರಚನೆ ಹೀಗಿತ್ತು. ಕಣ್ಣಿನ ಸ್ಥಾನದಲ್ಲಿ ಬೆಳಕನ್ನು ಗ್ರಹಿಸುವ 400 ಕೋಶಗಳು, ಇಪ್ಪತ್ತು ಸಾಲು, ಸಾಲಿಗೆ ಇಪ್ಪತ್ತು. ಅವುಗಳಿಂದ ಹೊರಟ ತಂತಿಗಳು 512 ನಡುಘಟಕಗಳಿಗೆ ಅಡ್ಡಾದಿಡ್ಡಿಯಾಗಿ ಹೋಗುತ್ತಿದ್ದವು. ಅಡ್ಡಾದಿಡ್ಡಿ ಎಂಬುದು ಅಲಕ್ಷ್ಯದಿಂದಲ್ಲ, ಬೇಕೆಂದೇ. ಅಲ್ಲಿಂದ ಮುಂದೆ ಉತ್ತರ ಹೇಳುವ 8 ಘಟಕಗಳು. ನಡುವೆ ಇದ್ದವು ನಾವು ಹೇಳಿದ ಗುಂಡಿಗಳು. ಯಾವ ನಡುಘಟಕದ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಗುಂಡಿಯ ತಿರುವು ಗೊತ್ತುಮಾಡುತ್ತಿತ್ತು. ಯಂತ್ರಕ್ಕೆ ಒಂದು ಆಕೃತಿಯನ್ನು ತೋರಿಸುವುದು. ಉತ್ತರ ಸರಿಯಾದರೆ ಗುಂಡಿಗಳನ್ನು ಮುಟ್ಟದಿರುವುದು. ತಪ್ಪಾದರೆ ಆ ತಪ್ಪಿಗೆ ಕಾರಣವಾದ ಗುಂಡಿಗಳನ್ನು ಮೋಟಾರುಗಳು ಕೊಂಚ ತಿರುಗಿಸುವುದು. ಇಷ್ಟೇ ಪಾಠಕ್ರಮ. ಬೆತ್ತವಿಲ್ಲ, ಬೈಗುಳವಿಲ್ಲ. ಸರಿಯಾಗಿ ಬೇರ್ಪಡಿಸಬಲ್ಲ ಗುಂಡಿಗಳ ಹೊಂದಾಣಿಕೆಯೊಂದು ಇದೆಯೆಂದಾದರೆ, ಹೀಗೆ ತಿದ್ದುತ್ತ ಹೋಗಿ ಯಂತ್ರ ಅದನ್ನು ಮುಟ್ಟಿಯೇ ತೀರುತ್ತದೆ ಎಂಬುದನ್ನು ಗಣಿತದಿಂದಲೂ ಸಿದ್ಧಪಡಿಸಿದರು.

ಯಂತ್ರ ಕಟ್ಟುವುದಕ್ಕೆ ಮುಂಚೆಯೇ, 1958ರ ಜುಲೈಯಲ್ಲಿ, ಐಬಿಎಂ 704 ಎಂಬ ದೊಡ್ಡ ಗಣಕದಲ್ಲಿ ಇದರ ಅಣಕು ಪ್ರಯೋಗವನ್ನು ಪತ್ರಕರ್ತರಿಗೆ ತೋರಿಸಿದರು. ಎಡಕ್ಕೆ ಗುರುತಿರುವ ಕಾರ್ಡು ಯಾವುದು, ಬಲಕ್ಕೆ ಗುರುತಿರುವುದು ಯಾವುದು ಎಂಬುದನ್ನು ಐವತ್ತು ಸಲ ತೋರಿಸಿದ ಮೇಲೆ ಅದು ತಾನಾಗಿ ಬೇರ್ಪಡಿಸಿತು. ಸಾಧನೆ ಅಷ್ಟೇ. ಆದರೆ ಮರುದಿನದ ನ್ಯೂಯಾರ್ಕ್ ಟೈಮ್ಸ್ ಓದಿದವರಿಗೆ ಕಂಡದ್ದೇ ಬೇರೆ: ಈ ಯಂತ್ರ ಮುಂದೆ ನಡೆಯುವುದಂತೆ, ಮಾತಾಡುವುದಂತೆ, ಬರೆಯುವುದಂತೆ, ತನ್ನ ಇರವನ್ನು ತಾನೇ ಅರಿಯುವುದಂತೆ! ಹಣ ಕೊಟ್ಟಿದ್ದ ನೌಕಾದಳದ ನಿರೀಕ್ಷೆಯೆಂದು ಪತ್ರಿಕೆ ಅದನ್ನು ವರದಿ ಮಾಡಿತು. ಇನ್ನೂ ಮೂವತ್ತು ತುಂಬದ ರೋಸೆನ್‌ಬ್ಲಾಟ್ ಕೂಡ ಮಾತಿನಲ್ಲಿ ಜಿಪುಣತನ ತೋರಲಿಲ್ಲವೆಂಬುದನ್ನು ಒಪ್ಪಬೇಕು. ಅಂಬೆಗಾಲಿಡುವ ಕೂಸಿಗೆ ಪಟ್ಟ ಕಟ್ಟಿದಂತಾಯಿತು.

ಇದಕ್ಕೆ ಉತ್ತರ ಬಂದದ್ದು 1969ರಲ್ಲಿ, ಮಾರ್ವಿನ್ ಮಿನ್‌ಸ್ಕಿ ಮತ್ತು ಸೀಮರ್ ಪೇಪರ್ಟ್ ಬರೆದ ಗ್ರಂಥದ ರೂಪದಲ್ಲಿ. ಮಿನ್‌ಸ್ಕಿಯೂ ಅದೇ ಬ್ರಾಂಕ್ಸ್ ಶಾಲೆಯಲ್ಲಿ ಓದಿದವನು ಎಂಬುದು ಕಾಕತಾಳೀಯ. ಅವರ ಆಕ್ಷೇಪದ ಒಂದು ತುಣುಕನ್ನು ನಿಮ್ಮ ಮನೆಯ ಮಹಡಿ ಮೆಟ್ಟಿಲಿನಲ್ಲಿಯೇ ನೋಡಬಹುದು. ಅಲ್ಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚು. ಎರಡರಲ್ಲಿ ಒಂದನ್ನು ಒತ್ತಿದರೆ ದೀಪ ಹತ್ತುತ್ತದೆ. ಇನ್ನೊಂದನ್ನೂ ಒತ್ತಿದರೆ ಆರುತ್ತದೆ. ಒಂದೇ ಸಾಲು ಗುಂಡಿಗಳ ಸರಳ ಪರ್ಸೆಪ್ಟ್ರಾನಿಗೆ ಈ ಎರಡು ಸ್ವಿಚ್ಚುಗಳನ್ನೇ ನೇರವಾಗಿ ಜೋಡಿಸಿಕೊಟ್ಟರೆ ಈ ನಿಯಮವನ್ನು ಅದು ಎಂದಿಗೂ ಕಲಿಯಲಾರದು. ಏಕೆಂದರೆ ಅದಕ್ಕೆ ಗೊತ್ತಿರುವುದು ಕೂಡುವುದೊಂದೇ. ಒಂದು ಸ್ವಿಚ್ಚಿನ ಬಲವೇ ದೀಪ ಹತ್ತಿಸಲು ಸಾಕೆಂದಾದ ಮೇಲೆ, ಎರಡರ ಬಲ ಕೂಡಿದಾಗ ಅದು ಆರುವುದಾದರೂ ಹೇಗೆ?

ಸಾಲಿನ ಮೇಲೆ ಸಾಲು ಗುಂಡಿಗಳನ್ನು ಇಟ್ಟರೆ ಈ ತೊಡಕು ಬಿಡಿಸಬಹುದು. ರೋಸೆನ್‌ಬ್ಲಾಟ್‌ಗೆ ಇದು ತಿಳಿಯದೆ ಇರಲಿಲ್ಲ. 1962ರ ತನ್ನ ಗ್ರಂಥದಲ್ಲಿ ಹಲವು ಪದರಗಳ ಯಂತ್ರಗಳ ವಿಚಾರವಾಗಿ, ತಪ್ಪಿನ ಹೊಣೆಯನ್ನು ಉತ್ತರದ ಕಡೆಯಿಂದ ಹಿಂದುಹಿಂದಕ್ಕೆ ಹಂಚುವ ವಿಚಾರವಾಗಿ ಬರೆದಿದ್ದನು. ಆದರೆ ಹಂಚುವ ಒಳ್ಳೆಯ ಉಪಾಯ ಕೈಗೆ ಸಿಕ್ಕಿರಲಿಲ್ಲ. ಒಂದು ಪುಸ್ತಕ ಒಂದು ವಿದ್ಯೆಯನ್ನೇ ಕೊಂದಿತೆಂದು ಹೇಳುವ ರೂಢಿಯುಂಟು; ನನಗೆ ಅದು ಅಷ್ಟು ಸರಿಯೆನಿಸುವುದಿಲ್ಲ. ಆಗಿನ ಗಣಕಗಳಿಗೆ ಅಂಥ ಕೆಲಸ ಮಾಡುವ ಶಕ್ತಿಯೂ ಇರಲಿಲ್ಲ. ರೋಸೆನ್‌ಬ್ಲಾಟ್ ಸ್ವತಃ ಇಲಿಗಳ ಮಿದುಳು ಮತ್ತು ನೆನಪಿನ ಪ್ರಯೋಗಗಳತ್ತ ಹೊರಳಿದ್ದನು. ಅಷ್ಟೇ ಅಲ್ಲ, ಖಗೋಳದ ಹುಚ್ಚೂ ಹಿಡಿದಿತ್ತು.

1971ರ ಜುಲೈ 11ರಂದು, ತನ್ನ ನಲವತ್ತಮೂರನೆಯ ಹುಟ್ಟುಹಬ್ಬದ ದಿನವೇ, ಚೆಸಪೀಕ್ ಕೊಲ್ಲಿಯಲ್ಲಿ ದೋಣಿಯ ಅಪಘಾತದಲ್ಲಿ ತೀರಿಕೊಂಡನು. ಮಿನ್‌ಸ್ಕಿ ಮತ್ತು ಪೇಪರ್ಟ್ ತಮ್ಮ ಗ್ರಂಥದ ಮರುಮುದ್ರಣವನ್ನು ಅವನ ನೆನಪಿಗೆ ಅರ್ಪಿಸಿದರು.

ತಪ್ಪನ್ನು ಹಿಂದಕ್ಕೆ ಹಂಚುವ ಉಪಾಯವನ್ನು 1986ರಲ್ಲಿ ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಎಂಬ ಮೂವರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಬರಹ ಲೋಕಪ್ರಸಿದ್ಧ ಮಾಡಿತು. ಇಂದು ಕೈಯಲ್ಲಿ ಹಿಡಿಯುವ ಟೆಲಿಫೋನು ನಿಮ್ಮ ಮೊಮ್ಮಗನ ಮುಖವನ್ನು ಗುರುತಿಸುವುದು ಅದೇ ದಾರಿಯಿಂದ. ಮೋಟಾರು ತಿರುಗಿಸುವ ಗುಂಡಿಗಳ ಬದಲು ಕೋಟಿಗಟ್ಟಲೆ ಅಂಕಿಗಳು, ಅಷ್ಟೇ. ರೋಸೆನ್‌ಬ್ಲಾಟ್‌ನ ಹೆಸರಿನಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರರ ಸಂಸ್ಥೆ 2004ರಲ್ಲಿ ಒಂದು ಪ್ರಶಸ್ತಿಯನ್ನು ಸ್ಥಾಪಿಸಿತು. 2009ರಲ್ಲಿ ಅದು ಜಾನ್ ಹಾಪ್‌ಫೀಲ್ಡ್‌ಗೂ 2014ರಲ್ಲಿ ಜೆಫ್ರಿ ಹಿಂಟನ್‌ಗೂ ಸಂದಿತು. 2024ರಲ್ಲಿ ಆ ಇಬ್ಬರಿಗೇ ಭೌತವಿಜ್ಞಾನದ ನೊಬೆಲ್ ಬಂದಿತು.