ಸಕಲವಾರದಿಂದ ಸೇಡಂವರೆಗೆ

ಸೇಡಂ, ಚಿಂಚೋಳಿ ಕಡೆಯ ಮನೆಯಲ್ಲಿ ಯಾರಿಗಾದರೂ ಚಿತ್ತ ಕೆಟ್ಟರೆ ಮೊದಲು ಗುಡಿ, ದರ್ಗಾ. ಆಮೇಲೆ ಸಾಲ ಮಾಡಿ ಕಲಬುರಗಿ ಇಲ್ಲವೇ ಹೈದರಾಬಾದಿನ ದವಾಖಾನೆ. ಚಿಕಿತ್ಸೆ ಊರಿನ ಹತ್ತಿರವೇ ಸಿಗಬಹುದು ಎಂಬ ನಂಬಿಕೆಗೆ ಕರ್ನಾಟಕದಲ್ಲಿ ಆಧಾರ ಹುಟ್ಟಿದ್ದು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ. 1975ರಲ್ಲಿ ಆರಂಭವಾದ ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯ ಘಟಕ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡುವ ವಿಧಾನ ರೂಪಿಸಿತು. ಅದೇ ಕಾಲದಲ್ಲಿ ಹರಿಯಾಣದ ರಾಯ್‌ಪುರ್ ರಾಣಿಯಲ್ಲೂ ಇಂಥದೇ ಪ್ರಯೋಗ ನಡೆದಿತ್ತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿದ್ದು ಇವೆರಡರ ಮೇಲೆ.

ಇಡೀ ಜಿಲ್ಲೆಗೆ ಇದು ಒಗ್ಗುತ್ತದೆಯೇ ಎಂದು ನೋಡಿದ್ದು 1985ರಿಂದ ಬಳ್ಳಾರಿಯಲ್ಲಿ. ಸುಮಾರು 20 ಲಕ್ಷ ಜನರಿದ್ದ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರೇ ಮನೋರೋಗಿಗಳನ್ನೂ ಮೂರ್ಛೆರೋಗಿಗಳನ್ನೂ ನೋಡಿದರು. 1996ರಲ್ಲಿ ಬಳ್ಳಾರಿ ಮಾದರಿಯನ್ನೇ ಕೇಂದ್ರ ಸರ್ಕಾರ ನಾಲ್ಕು ಜಿಲ್ಲೆಗಳಿಗೆ ಒಯ್ದಿತು. 2002ರ ಹೊತ್ತಿಗೆ ಅದು 27 ಜಿಲ್ಲೆ ಮುಟ್ಟಿತು. ಇಲ್ಲಿ ನನಗೊಂದು ತಕರಾರಿದೆ. ಇಂಥ ಸೇವೆ ನಡೆಸಲು ಸಾಧ್ಯ ಎಂದು ಬಳ್ಳಾರಿ ತೋರಿಸಿತು, ನಿಜ. ಆದರೆ ಚೇತರಿಸಿಕೊಂಡವರೆಷ್ಟು, ನಡುವೆ ಮಾತ್ರೆ ಬಿಟ್ಟವರೆಷ್ಟು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಅಳೆಯುವ ಮೊದಲೇ ವಿಸ್ತರಣೆಯ ಅವಸರ ಶುರುವಾಯಿತು.

ಆ ಲೆಕ್ಕದ ಒಂದು ಭಾಗ 2005ರಲ್ಲಿ ಪ್ರಕಟವಾಯಿತು. ಗ್ರಾಮೀಣ ಕರ್ನಾಟಕದಲ್ಲಿ ಚಿಕಿತ್ಸೆಯೇ ಕಾಣದ ಸ್ಕಿಜೋಫ್ರೇನಿಯಾದ 100 ಜನರನ್ನು ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಒಂದೂವರೆ ವರ್ಷ ಹಿಂಬಾಲಿಸಿದರು. ರೋಗಲಕ್ಷಣ ತಗ್ಗಿತು, ದುಡಿಯುವ ಶಕ್ತಿ ಮರಳಿತು. ಮನೆಯವರು ಕೂಲಿ ಬಿಟ್ಟು ಆರೈಕೆಗೆ ಕೂರುವ ನಷ್ಟವೂ ಮಂತ್ರವಾದಿಗಳಿಗೆ ಸುರಿಯುವ ಹಣವೂ ಕಡಿಮೆಯಾಗಿ, ಚಿಕಿತ್ಸೆಯ ಖರ್ಚನ್ನು ಸರಿದೂಗಿಸಿದವು. ತಾಲ್ಲೂಕು ಆಸ್ಪತ್ರೆಗೆ ಔಷಧಿ ಕೇಳುವವರ ಕೈಯಲ್ಲಿ ಇದಕ್ಕಿಂತ ಬಲವಾದ ಕಾಗದ ಬೇಕಿಲ್ಲ.

ಮದ್ಯದ ವಿಷಯ ಬೇರೆ. ಶಹಾಬಾದಿನ ಫರಸಿಕಲ್ಲಿನ ಗಣಿ, ವಾಡಿಯ ಸಿಮೆಂಟು ಕಾರ್ಖಾನೆಯಂಥ ಕಡೆ ಮೈಮುರಿಯುವ ದುಡಿಮೆಯ ಜೊತೆ ಕುಡಿತವೂ ಬೆಳೆಯುತ್ತದೆ. ಕರ್ನಾಟಕದಲ್ಲಿ ಜನಪ್ರಿಯವಾದದ್ದು ಮದ್ಯವರ್ಜನ ಶಿಬಿರ. ಆದರೆ ಯಾದೃಚ್ಛಿಕ ಪರೀಕ್ಷೆಗೆ ಒಳಗಾಗಿ ಗೆದ್ದದ್ದು ಗೋವಾದ ಪದ್ಧತಿ. ವೈದ್ಯರಲ್ಲದ ಆಪ್ತಸಲಹೆಗಾರರು ಕೆಲವೇ ಸಲ ಕೂತು ಮಾತಾಡಿದಾಗ, 377 ಗಂಡಸರ ಆ ಅಧ್ಯಯನದಲ್ಲಿ ಸುಧಾರಿಸಿದವರು ಶೇ. 36; ಸಾಮಾನ್ಯ ಚಿಕಿತ್ಸೆಯಷ್ಟೇ ಪಡೆದವರಲ್ಲಿ ಶೇ. 26. ಅದು ಪ್ರಕಟವಾದದ್ದು 2017ರಲ್ಲಿ. ಕನ್ನಡ, ಉರ್ದು, ತೆಲುಗು, ಮರಾಠಿ ಬೆರೆತ ವಾಡಿಯಲ್ಲಿ ಆ ಸಲಹೆ ಯಾವ ಭಾಷೆಯಲ್ಲಿ, ಯಾರ ಬಾಯಲ್ಲಿ ಬರಬೇಕು ಎಂಬುದನ್ನು ವಾಡಿಯಲ್ಲೇ ಮಾಡಿ ನೋಡಬೇಕು.

ಇನ್ನು ಆತ್ಮಹತ್ಯೆಯ ವಿಷಯ. ತೊಗರಿ ಬೆಳೆಯುವ ಈ ನಾಡಿನಲ್ಲಿ ಕೀಟನಾಶಕದ ಬಾಟಲಿ ಮನೆಮನೆಯಲ್ಲೂ ಇರುತ್ತದೆ. ಅದನ್ನು ಬೀಗದ ಪೆಟ್ಟಿಗೆಯಲ್ಲಿಡಿಸಿದರೆ ಜೀವ ಉಳಿಯುತ್ತದೆ ಎಂದು ಯಾರಿಗಾದರೂ ತೋಚುತ್ತದೆ. ಶ್ರೀಲಂಕಾದ 180 ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ವಿಷ ಸೇವನೆ ತಗ್ಗಿದ್ದಕ್ಕೆ ಪುರಾವೆ ಸಿಗಲಿಲ್ಲ. ಅದೇ ದೇಶದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ದೊಡ್ಡ ಪ್ರಮಾಣದಲ್ಲಿ ಇಳಿದವು. ಪೆಟ್ಟಿಗೆ ಹಂಚುವ ದುಡ್ಡನ್ನು ಬೇರೆ ಕಡೆ ಹಾಕಲು ಅಧಿಕಾರಿಗಳಿಗೆ ಇಷ್ಟು ಸಾಕಾಗಬೇಕು.

2014ರಲ್ಲಿ ಬಂದ ಮನೋಚೈತನ್ಯ ಯೋಜನೆ ಮನೋವೈದ್ಯರನ್ನು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಕರೆತಂದಿತು. 2022ರಿಂದ 14416ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ. ಆದರೆ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ; ಕೋಲಾರದಲ್ಲಿ ಪೂರ್ವಪರೀಕ್ಷೆ ಮಾತ್ರ ಆಯಿತು. ಹಾಗಾಗಿ ಈ ಕಡೆಯ ಚಿತ್ತಾಪುರದಂಥ ತಾಲ್ಲೂಕಿನ ಮಟ್ಟಿಗೆ ದೊಡ್ಡ ಪುರಾವೆ ಹೊರರೋಗಿಗಳ ರಿಜಿಸ್ಟರಿನಲ್ಲೇ ಇದೆ. ಎಷ್ಟು ಜನ ಬಂದರು ಎಂದು ಎಣಿಸಿ ವರದಿ ಕಳಿಸುವ ಬದಲು, ಯುಗಾದಿಗೆ ಮೊದಲ ಸಲ ಬಂದವರಲ್ಲಿ ದಸರೆಗೂ ಮಾತ್ರೆ ತೆಗೆದುಕೊಳ್ಳುತ್ತಿರುವವರು ಎಷ್ಟು, ಹೊಲಕ್ಕೋ ಗಣಿಗೋ ಮರಳಿದವರು ಎಷ್ಟು ಎಂದು ಅದರಿಂದ ತೆಗೆಯಬಹುದು. ಅದಕ್ಕೆ ಬೇಕಾದದ್ದು ಒಬ್ಬ ಗುಮಾಸ್ತ, ಬಿಟ್ಟುಹೋದವರ ಮನೆಗೆ ಹೋಗಿಬರುವ ಒಬ್ಬ ಆಶಾ ಕಾರ್ಯಕರ್ತೆ ಮತ್ತು ಅವರಿಬ್ಬರಿಗೂ ಸಮಯಕ್ಕೆ ಸರಿಯಾಗಿ ಹಣ.